ಗಾಳಿಗೋಪುರಕ್ಕೆ ಒಂಬತ್ತು ಸಹಿ

ಆ ದಿನದ ಎಲ್ಲಾ ರಗಳೆಗೂ ಮೂಲ ಒಂದು ಕೆಂಪು ಪೆನ್ನು.

ನೀರಿನ ಇಲಾಖೆಯ ಪತ್ರ ಎಂಟು ದಿನದ ಹಿಂದೆಯೇ ಬಂದಿತ್ತು. ಆದರೆ ಅಂಚೆಯವನು ಅದನ್ನು ಮೊದಲ ಮಹಡಿಯ ನಿವೃತ್ತ ಶಿಕ್ಷಕಿಯ ಕೈಗೆ ಕೊಟ್ಟುಹೋದ. ಕಟ್ಟಡದವರೆಲ್ಲ 'ಮೇಡಂ' ಎಂದು ಕರೆಯುವ ಆಕೆ ಮೂವತ್ತನಾಲ್ಕು ವರ್ಷ ಭಾಷೆ ಕಲಿಸಿದವರು. ಇನ್ನೊಬ್ಬರ ಪತ್ರ ಓದುವುದು ತಪ್ಪು ಎಂದು ಅವರಿಗೆ ಗೊತ್ತಿತ್ತು. ತಿದ್ದುವುದು ತಪ್ಪು ಎಂದು ಮಾತ್ರ ಯಾರೂ ಹೇಳಿರಲಿಲ್ಲ. ಒಂಬತ್ತನೆಯ ದಿನ ಬೆಳಿಗ್ಗೆ ಎಂಟಕ್ಕೆ ಕೆಳಗಿಳಿದು ಬಂದು ನೆಲಮಹಡಿಯ ಬಾಗಿಲು ತಟ್ಟಿದರು.

"ಹದಿನೇಳು ತಪ್ಪು ಕಣ್ರೀ ತಕ್ಕಡಿಯವರೇ," ಎಂದು ಪತ್ರ ಚಾಚಿದರು. "ಅಲ್ಪಪ್ರಾಣ ಯಾವುದು, ಮಹಾಪ್ರಾಣ ಯಾವುದು ಅಂತಲೂ ಗೊತ್ತಿಲ್ಲ ಆ ಇಲಾಖೆಗೆ. ಹೋಗ್ಲಿ ಪಾಪ ಅಂತ ನೂರಕ್ಕೆ ಮೂವತ್ತೈದು ಕೊಟ್ಟಿದ್ದೀನಿ."

ತಕ್ಕಡಿ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಅಂಗಡಿಗಳ ತೂಕದ ಯಂತ್ರ ರಿಪೇರಿ ಮಾಡಿ, ಮುಳ್ಳು ನೆಟ್ಟಗೆ ನಿಲ್ಲಿಸಿ ಕೊಡುವುದು ಅವನ ಕಸುಬು. ಒಂದು ಚಿಟಿಕೆ ಹೆಚ್ಚುಕಮ್ಮಿಯಾದರೂ ಊಟ ಸೇರದ ಮನುಷ್ಯ. ಹನ್ನೆರಡು ಮನೆಯ ಆ ಕಟ್ಟಡಕ್ಕೆ ಅವನೇ ಕಾರ್ಯದರ್ಶಿ, ಯಾಕೆಂದರೆ ಬೇರೆ ಯಾರೂ ಒಪ್ಪಿರಲಿಲ್ಲ. ಮೇಲಿನ ಮೂರು ಮಹಡಿಯಲ್ಲಿ ಹನ್ನೊಂದು ಮನೆ. ಕೆಳಗೆ ಪಂಪಿನ ಕೋಣೆ, ಗಾಡಿ ನಿಲ್ಲಿಸುವ ಜಾಗ, ಮತ್ತೆ ಅವನೊಬ್ಬನ ಮನೆ.

ಕೆಂಪು ಗೆರೆಗಳ ನಡುವೆ ತಡಕಾಡಿ ಅವನು ಪತ್ರ ಓದಿದ. ಓದಿದವನೇ ಗೋಡೆ ಗಡಿಯಾರ ನೋಡಿದ.

"ಮೇಡಂ! ಇವತ್ತು ಸಂಜೆ ನಾಲ್ಕಕ್ಕೆ ಕೊನೆ ಅಂತಿದೆ!"

"ಹೌದು. ಆ 'ಕೊನೆಯ ದಿನಾಂಕ' ಅನ್ನೋದೊಂದನ್ನೇ ಅವರು ಸರಿಯಾಗಿ ಬರೆದಿರೋದು."

ವಿಷಯ ಇಷ್ಟು. ಕಟ್ಟಡಕ್ಕೆ ನೀರು ಬರುವುದು ಬಂಡೆ ಕೊರೆದು ಇಳಿಸಿದ ಆಳದ ಕೊಳವೆಬಾವಿಯಿಂದ. ಎರಡು ವಾರದ ಹಿಂದೆ ಇಲಾಖೆಯವರು ಆ ನೀರನ್ನು ಪರೀಕ್ಷಿಸಿ ಅದರಲ್ಲಿ ರೇಡಾನ್ ಹೆಚ್ಚಾಗಿದೆ ಎಂದು ಕಾರ್ಯದರ್ಶಿಗೆ ವರದಿ ಕೊಟ್ಟಿದ್ದರು. ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಕಲ್ಲಿನಿಂದ ಹುಟ್ಟಿ ನೀರಲ್ಲಿ ಕರಗಿ ಬರುವ ಒಂದು ಅನಿಲ. ಕುಡಿದರೆ ಅಷ್ಟು ಕೇಡಿಲ್ಲ. ಸ್ನಾನ ಮಾಡುವಾಗ, ಬಟ್ಟೆ ಒಗೆಯುವಾಗ ನೀರಿನಿಂದ ಹೊರಗೆ ಬಂದು ಉಸಿರಿಗೆ ಸೇರುತ್ತದೆ. ವರ್ಷಗಟ್ಟಲೆ ಸೇರಿದರೆ ಶ್ವಾಸಕೋಶಕ್ಕೆ ಕ್ಯಾನ್ಸರ್ ಬರಬಹುದು. ಅದನ್ನು ತೆಗೆಯಲು ತಾರಸಿಯ ಮೇಲೆ ಒಂದು ಗೋಪುರ ಕಟ್ಟಿ, ನೀರನ್ನು ತುಂತುರಾಗಿ ಇಳಿಸಿ, ಕೆಳಗಿನಿಂದ ಫ್ಯಾನಿನ ಗಾಳಿ ಬಿಟ್ಟು ಅನಿಲವನ್ನು ಆಕಾಶಕ್ಕೆ ಓಡಿಸಬೇಕು. ಇಲಾಖೆ ಅದಕ್ಕಿಟ್ಟ ಹೆಸರು ಗಾಳಿಗೋಪುರ. ಹೆಸರಿಟ್ಟವನು ಮುಗ್ಧನೋ ಮಹಾ ಕಿಲಾಡಿಯೋ ಗೊತ್ತಿಲ್ಲ. ಹನ್ನೆರಡರಲ್ಲಿ ಒಂಬತ್ತು ಮನೆಯವರು ಸಹಿ ಹಾಕಿದರೆ ಅರ್ಧ ಖರ್ಚು ಇಲಾಖೆಯದು. ಉಳಿದರ್ಧ ಹಂಚಿದರೆ ಒಂದೊಂದು ಮನೆಗೆ ಒಂದು ಫ್ರಿಜ್ಜಿನ ಬೆಲೆ.

ತಕ್ಕಡಿಗೆ ಕಟ್ಟಡದ ಚಿಂತೆ ಇದ್ದದ್ದು ಅಷ್ಟಕ್ಕಷ್ಟೇ. ಅವನ ಚಿಂತೆ ಹೆಂಡತಿಯದು. ಅವಳು ಹಾಡುವವಳು. ಆದರೆ ನಾಲ್ಕು ಜನರ ಮುಂದೆ ಬಾಯಿ ಬಿಡದವಳು; ಹಾಡೆಲ್ಲ ಬಚ್ಚಲಲ್ಲಿ, ಬಿಸಿನೀರಿನ ಆವಿಯ ನಡುವೆ, ದಿನಕ್ಕೆ ಒಂದೂವರೆ ಗಂಟೆ. ಅವಳಪ್ಪ ಜೀವಮಾನದಲ್ಲಿ ಒಂದು ಬೀಡಿ ಸೇದಿದವರಲ್ಲ, ಶ್ವಾಸಕೋಶದ ಕ್ಯಾನ್ಸರಿನಲ್ಲೇ ಹೋದರು. ವರದಿ ಬಂದ ದಿನವೇ ತಕ್ಕಡಿ ಬಚ್ಚಲ ಹಾಡನ್ನು ನಿಲ್ಲಿಸಿಬಿಟ್ಟಿದ್ದ. ಎರಡು ವಾರದಿಂದ ಅವಳು ಮುಂದಿನ ಕೋಣೆಯಲ್ಲಿ, ಬೀದಿಯವರಿಗೆ ಕೇಳಬಾರದೆಂದು ಕಿಟಕಿ ಮುಚ್ಚಿಕೊಂಡು, ಗೋಡೆಗೆ ಮುಖ ಮಾಡಿ ಹಾಡುತ್ತಿದ್ದಳು.

"ರೀ, ಈ ಗೋಡೆ ನನ್ನ ಹಾಡು ಕೇಳಲ್ಲ," ಎಂದಳು ಆವತ್ತೂ. "ಬಚ್ಚಲಲ್ಲಾದ್ರೆ ದನಿ ಹೇಗೆ ತುಂಬ್ಕೊಂಡು ಬರುತ್ತೆ ಗೊತ್ತಾ?"

"ಇವತ್ತು ಒಂಬತ್ತು ಸಹಿ ಮಾಡಿಸ್ಕೊಂಡು ಬರ್ತೀನಿ. ಗೋಪುರ ಏಳಲಿ, ಆಮೇಲೆ ಬಚ್ಚಲಲ್ಲೇ ಮನೆ ಮಾಡ್ಕೋ," ಎಂದು ಅವನು ಚಪ್ಪಲಿ ಮೆಟ್ಟಿದ. ಅವನಿಗೆ ಹೆದರಿಕೆಯಾಗಿತ್ತು. ಮಾವನ ಕೊನೆಯ ದಿನಗಳ ಉಸಿರಿನ ಸದ್ದು ಇನ್ನೂ ಅವನ ಕಿವಿಯಲ್ಲಿತ್ತು. ಹಾಗಾಗಿ, ಏನೇ ಆಗಲಿ, ಇವತ್ತು ಬರಿಗೈಯಲ್ಲಿ ವಾಪಸ್ ಬರುವುದಿಲ್ಲ ಎಂದು ತೀರ್ಮಾನಿಸಿದ್ದ.

ತನ್ನದೊಂದು ಸಹಿ. ಮೇಡಂ ತಮ್ಮ ತಪ್ಪಿಗೆ ಪ್ರಾಯಶ್ಚಿತ್ತವೆಂಬಂತೆ, ಪೂರ್ತಿ ವಿಷಯ ಕೇಳಿ, ಎರಡನೆಯ ಸಹಿ ಹಾಕಿದರು. ಮೂರನೆಯದಕ್ಕೆ ಅವನು ಮೇಲೆ, ಮೇಡಂ ಮನೆಯ ಪಕ್ಕದ ಟೈಲರಮ್ಮನ ಬಾಗಿಲಿಗೆ ಹೋದ. ಆಕೆಯ ಹೊಲಿಗೆ ಮಷೀನು ಕಟಕಟ ಓಡುತ್ತಿತ್ತು.

"ನಮ್ಮ ನೀರಲ್ಲಿ ರೇಡಾನ್ ಇದೆಯಮ್ಮಾ," ಎಂದು ಗಟ್ಟಿಯಾಗಿ ಕೂಗಿದ.

"ಏನು, ರಾಡಿನಾ?" ಟೈಲರಮ್ಮ ಮಷೀನು ನಿಲ್ಲಿಸಿ ಒಳಗೆ ಹೋಗಿ, ಲೋಟದ ತುಂಬ ನೀರು ತಂದು ಬೆಳಕಿಗೆ ಹಿಡಿದಳು. "ಎಲ್ಲಿದೆ ರಾಡಿ? ತೋರ್ಸಿ. ಸೂಜಿ ಬಿದ್ರೂ ಕಾಣುತ್ತೆ."

"ರಾಡಿ ಅಲ್ಲಮ್ಮ, ರೇಡಾನ್. ಅದು ಕಣ್ಣಿಗೆ ಕಾಣಲ್ಲ."

"ಕಾಣದೇ ಇರೋ ರಾಡಿಗೆ ಒಂದು ಫ್ರಿಜ್ಜಿನ ದುಡ್ಡಾ? ಅಣ್ಣಾ, ಬೆಳಿಗ್ಗೆ ಬೆಳಿಗ್ಗೆ ನಾನೇ ಸಿಕ್ಕಿದ್ನಾ ನಿಮಗೆ?" ಮಷೀನು ಮತ್ತೆ ಓಡತೊಡಗಿತು.

ಮೆಟ್ಟಿಲಲ್ಲಿ ನಿಂತು ತಕ್ಕಡಿ ಯೋಚಿಸಿದ. ತೊಂದರೆ ಇರುವುದು ಆ ಪದದಲ್ಲೇ. ಇನ್ನು ಆ ಹೆಸರನ್ನೇ ಎತ್ತುವುದು ಬೇಡ, ಎಲ್ಲರಿಗೂ ತಿಳಿದ ಮಾತಲ್ಲೇ ಹೇಳೋಣ ಎಂದುಕೊಂಡು ಎರಡನೆಯ ಮಹಡಿ ಹತ್ತಿ, ನಿವೃತ್ತ ಗುಮಾಸ್ತರ ಬಾಗಿಲು ತಟ್ಟಿದ.

"ಸಾರ್, ನಮ್ಮ ನೀರಲ್ಲಿ ಗ್ಯಾಸ್ ಇದೆಯಂತೆ."

ಗುಮಾಸ್ತರು ಹೊಟ್ಟೆಯ ಮೇಲೆ ಕೈಯಿಟ್ಟು, "ಅದಕ್ಕೇ!" ಎಂದು ಒಳಗಿದ್ದ ಹೆಂಡತಿಗೆ ಕೇಳುವಂತೆ ಕೂಗಿದರು. "ಕೇಳಿಸ್ತೇನೇ? ಹನ್ನೊಂದು ವರ್ಷದಿಂದ ನಾನು ಬಡ್ಕೋತಿದ್ದೀನಿ! ಆಲೂಗಡ್ಡೆ ಬಿಟ್ಟೆ, ಬೇಳೆ ಬಿಟ್ಟೆ, ಹೊಟ್ಟೆ ಮಾತ್ರ ನಗಾರಿ. ನೀರಲ್ಲೇ ಗ್ಯಾಸ್ ಇದ್ದಿದ್ದಾ! ಕೊಡ್ರೀ ಇಲ್ಲಿ ಪೆನ್ನು."

ತಕ್ಕಡಿ ಬಾಯಿ ತೆರೆಯುವುದರೊಳಗೆ ಸಹಿ ಬಿದ್ದಿತ್ತು. ಅಷ್ಟೇ ಅಲ್ಲ, ಗುಮಾಸ್ತರು ಲುಂಗಿ ಎತ್ತಿ ಕಟ್ಟಿ ತಾವೇ ಮಹಡಿ ಮಹಡಿ ಹತ್ತಿ ಇಳಿದು ಸಾರಿಬಂದರು. ಗ್ಯಾಸಿನ ಸುದ್ದಿ ಗ್ಯಾಸಿನಷ್ಟೇ ವೇಗವಾಗಿ ಹಬ್ಬಿತು. ಹೊಟ್ಟೆಯುಬ್ಬರದವರು, ಹುಳಿತೇಗಿನವರು, ಸೊಂಟನೋವಿನವರು ಎಲ್ಲರೂ ಬಂದು ಸಹಿ ಹಾಕಿದರು. ಟೈಲರಮ್ಮನೂ ಬಂದಳು. "ಗ್ಯಾಸ್ ಅಂತ ಮೊದಲೇ ಬಿಡಿಸಿ ಹೇಳಬಾರದಿತ್ತಾ ಅಣ್ಣಾ?"

ಮೂರನೆಯ ಮಹಡಿಯ ಟ್ಯಾಕ್ಸಿ ಡ್ರೈವರನದು ಬೇರೆಯೇ ಲೆಕ್ಕ. "ನೀರಲ್ಲಿ ಗ್ಯಾಸ್ ಬರುತ್ತೆ ಅಂದ್ರೆ ನಮ್ಮ ಅದೃಷ್ಟ ಸ್ವಾಮಿ! ಗೋಪುರದಿಂದ ಒಂದು ಪೈಪ್ ಎಳೆದು ನಮ್ಮ ಒಲೆಗೆ ಕೊಡ್ಸಿ. ಸಿಲಿಂಡರ್ ಹೊರೋದು ತಪ್ಪುತ್ತೆ." ಅವನ ಸಹಿ ಎಲ್ಲರ ಸಹಿಗಿಂತ ದೊಡ್ಡದಾಗಿತ್ತು.

ಹನ್ನೊಂದು ಗಂಟೆಗೆ ಒಂಬತ್ತು ಸಹಿ ಭರ್ತಿ. ಎರಡು ಮನೆಗೆ ಬೀಗ, ಒಂದು ಮನೆಯವನಿಗೆ ಪೆನ್ನು ಹಿಡಿಯಲಾರದಷ್ಟು ಕೈನೋವು. ಪರವಾಗಿಲ್ಲ, ಅವರು ಬೇಕಾಗಿರಲಿಲ್ಲ.

"ಮುಗೀತಲ್ಲ, ಇನ್ನು ಆರಾಮಾಗಿ ಕೂತ್ಕೊಳ್ಳಿ," ಎಂದಳು ಹೆಂಡತಿ.

ತಕ್ಕಡಿ ಕೂತ. ಎದ್ದ. ಮತ್ತೆ ಕೂತ. ಮೇಜಿನ ಮೇಲೆ ರಿಪೇರಿಗೆ ಬಂದ ತೂಕದ ಯಂತ್ರವೊಂದು ಅವನನ್ನೇ ನೋಡುತ್ತಿತ್ತು.

"ಇದು ಸುಳ್ಳು ತೂಕ ಕಣೇ," ಎಂದ.

"ಏನು ಸುಳ್ಳು? ನೀವು ಹೇಳಿದ್ದು ಗ್ಯಾಸ್. ಇರೋದೂ ಗ್ಯಾಸ್."

"ಅವರು ಕೊಂಡಿದ್ದು ಬೇರೆ, ನಾನು ಮಾರಿದ್ದು ಬೇರೆ. ಗೋಪುರ ಬಂದ ಮೇಲೂ ಗುಮಾಸ್ತರ ಹೊಟ್ಟೆ ಉಬ್ಬುತ್ತೆ. ಆಗ ಅವರ ಮುಖ ಹೇಗೆ ನೋಡಲಿ?"

"ನನ್ನ ಮುಖ ನೋಡಿ! ನಾನೊಬ್ಬಳು ಇದ್ದೀನಲ್ಲ ಇಲ್ಲಿ!" ಎಂದು ಅವಳು ಗದರಿದಳು. ಅವಳ ಮಾತಲ್ಲಿ ನ್ಯಾಯವಿತ್ತು. ಆದರೆ ಮುಳ್ಳು ನೆಟ್ಟಗೆ ನಿಲ್ಲದಿದ್ದರೆ ಆ ಮನುಷ್ಯನಿಗೆ ನಿದ್ದೆ ಬರುವುದಿಲ್ಲ, ಏನು ಮಾಡುವುದು? ಹಣೆಬರಹ ಎಂದುಕೊಂಡು ಅವನು ಮತ್ತೆ ಮೆಟ್ಟಿಲು ಹತ್ತಿದ.

ಸತ್ಯ ಹೇಳುವುದಕ್ಕೆ ಹಿಡಿದದ್ದು ಅರ್ಧ ಗಂಟೆ. ಅಷ್ಟರಲ್ಲಿ ಏಳು ಸಹಿ ಹಾರಿಹೋದವು.

"ಅಂದ್ರೆ ನನ್ನ ಹೊಟ್ಟೆಗೂ ಇದಕ್ಕೂ ಸಂಬಂಧವೇ ಇಲ್ವಾ?" ಗುಮಾಸ್ತರ ದನಿಯಲ್ಲಿ ಹನ್ನೊಂದು ವರ್ಷದ ಆಸೆ ಮುರಿದ ನೋವಿತ್ತು. "ಹಾಗಾದ್ರೆ ನನ್ನ ಸಹಿ ನನಗೆ ಕೊಡಿ."

"ಒಲೆ ಉರಿಯಲ್ವಾ?" ಎಂದ ಡ್ರೈವರ್. "ಉರಿಯದೇ ಇರೋ ಗ್ಯಾಸಿಗೆ ಯಾರು ಸ್ವಾಮಿ ದುಡ್ಡು ಕೊಡ್ತಾರೆ?"

ಸಹಿಗಳ ಮೇಲೆ ಗೀಟು ಎಳೆದು ಎಳೆದು ಅರ್ಜಿ ಗುರುತು ಸಿಗದಂತಾಗಿತ್ತು. ಮೇಡಂ ಹೊಸದೊಂದನ್ನು ಮುತ್ತು ಪೋಣಿಸಿದಂಥ ಅಕ್ಷರದಲ್ಲಿ ಬರೆದುಕೊಟ್ಟರು. ಕೆಳಗೆ ಎರಡೇ ಸಹಿ. ಮಧ್ಯಾಹ್ನ ಎರಡಕ್ಕೆ ತಕ್ಕಡಿ ಎಲ್ಲರನ್ನೂ ಎರಡನೆಯ ಮಹಡಿಯ ಮೆಟ್ಟಿಲ ಬಳಿ ಸೇರಿಸಿದ. ಅವನ ಬಳಿ ಇನ್ನು ಸತ್ಯ ಬಿಟ್ಟು ಬೇರೇನೂ ಉಳಿದಿರಲಿಲ್ಲ.

"ಅಪಾಯ ದೊಡ್ಡದಾ, ಚಿಕ್ಕದಾ? ಅದೊಂದು ಹೇಳಿಬಿಡಿ," ಎಂದಳು ಟೈಲರಮ್ಮ.

"ಚಿಕ್ಕದು."

"ಚಿಕ್ಕದಾದ್ರೆ ಇಷ್ಟು ಖರ್ಚು ಯಾಕೆ?"

"ಚಿಕ್ಕದು ಅಂದ್ರೆ ಇಲ್ಲ ಅಂತಲ್ಲಮ್ಮ. ಇದೆ."

"ಇದೆಯಾ? ಹಾಗಾದ್ರೆ ನಾವು ಮನೆ ಬದಲಾಯಿಸ್ತೀವಿ!" ಎಂದು ಹಿಂದಿನಿಂದ ಯಾರೋ ಕೂಗಿದರು.

ಒಂದು ತಟ್ಟೆಗೆ ಚೂರು ಇಟ್ಟರೆ ಇನ್ನೊಂದು ತಟ್ಟೆ ಸೂರಿಗೆ ಹಾರುತ್ತಿತ್ತು. ತಕ್ಕಡಿ ಉಸಿರು ಎಳೆದುಕೊಂಡು ಮತ್ತೆ ಮೊದಲಿಂದ ಹೇಳಿದ. ಇಂಥ ನೀರನ್ನು ಸಾವಿರ ಜನ ಜೀವನಪೂರ್ತಿ ಬಳಸಿದರೆ ಒಬ್ಬರಿಗೆ ಕಾಯಿಲೆ ಬರಬಹುದು ಎಂದು ಇಲಾಖೆ ಹೇಳಿದೆ. ಕುಡಿಯುವುದಕ್ಕಿಂತ ಸ್ನಾನದ ಆವಿಯಲ್ಲೇ ಹೆಚ್ಚು ಅಪಾಯ.

"ಸ್ನಾನದಲ್ಲಾ?" ಡ್ರೈವರನ ಮುಖ ಅರಳಿತು. "ಹಾಗಾದ್ರೆ ನಾನು ಬಚಾವ್. ನನ್ನದು ವಾರಕ್ಕೊಂದೇ."

"ಇನ್ನೂ ಸ್ವಲ್ಪ ಗಟ್ಟಿಯಾಗಿ ಹೇಳ್ರಿ, ಬೀದಿಗೂ ಕೇಳಲಿ!" ಎಂದು ಅವನ ಹೆಂಡತಿ ಅವನ ಬೆನ್ನಿಗೊಂದು ಗುದ್ದಿದಳು.

ಗುಮಾಸ್ತರು ಅಷ್ಟು ಹೊತ್ತೂ ಬೆರಳಲ್ಲಿ ಗುಣಿಸುತ್ತಿದ್ದರು. "ತಡೀರಿ, ತಡೀರಿ. ಸಾವಿರಕ್ಕೆ ಒಬ್ಬ. ಈ ಕಟ್ಟಡದಲ್ಲಿ ನಾವಿರೋದು ನಲವತ್ತು ಜನ. ಅಂದ್ರೆ ನಮ್ಮ ಪಾಲಿಗೆ ಒಬ್ಬ ಮನುಷ್ಯನ ಇಪ್ಪತ್ತೈದನೇ ಒಂದು ಭಾಗ. ಒಂದು ಮೊಣಕೈ ಅಂತಿಟ್ಕೊಳ್ಳಿ. ಒಂದು ಮೊಣಕೈ ಉಳಿಸೋಕೆ ಹನ್ನೆರಡು ಫ್ರಿಜ್ಜಾ?"

ಎಲ್ಲರೂ ಗೊಳ್ಳೆಂದು ನಕ್ಕರು. ಮೇಡಂ ಕೂಡ ಸೆರಗು ಬಾಯಿಗೆ ಒತ್ತಿಕೊಂಡರು. ತಕ್ಕಡಿ ನಗಲಿಲ್ಲ.

"ನಿಮ್ಮ ಲೆಕ್ಕ ಸರಿ ಸಾರ್," ಎಂದ. "ಆದ್ರೆ ಆ ಮೊಣಕೈ ಯಾರದ್ದು?"

ಗುಮಾಸ್ತರು ಮಡಚಿದ್ದ ಬೆರಳು ಬಿಚ್ಚಿದರು.

"ನಮ್ಮ ಮಾವ ಹೋಗಿದ್ದು ಇದೇ ಕಾಯಿಲೆಯಲ್ಲಿ. ಅವರದ್ದು ಏನು ಕಾರಣವೋ ನನಗೆ ಗೊತ್ತಿಲ್ಲ, ನೀರು ಅಂತ ನಾನು ಹೇಳಲ್ಲ. ಆದ್ರೆ ಕಾಯಿಲೆ ಯಾರಿಗೂ ಮೊಣಕೈಯಷ್ಟು ಬರಲ್ಲ ಸಾರ್. ಬಂದ್ರೆ ಇಡೀ ಮನುಷ್ಯನಿಗೇ ಬರುತ್ತೆ. ಅವರು ಕೊನೆಗೆ ದಿಂಬಿಗೆ ಒರಗಿ ಕೂತೇ ನಿದ್ದೆ ಮಾಡ್ತಿದ್ರು. ನನ್ನ ಹೆಂಡತಿಗೆ ಹಾಗಾದ್ರೆ ಅಂತ ನನಗೆ ಭಯ. ನಿಮ್ಮ ಮನೆಗಳಲ್ಲೂ ಯಾರಾದ್ರೂ ಒಬ್ಬರು ಇರ್ತಾರೆ. ಒಂದು ಫ್ರಿಜ್ಜು ಜಾಸ್ತಿ ಅನ್ನಿಸಿದ್ರೆ ಬೇಡ. ಬಲವಂತ ಇಲ್ಲ."

ಟೈಲರಮ್ಮ ಮೂಗು ಒರೆಸಿಕೊಂಡು, "ಕೊಡಣ್ಣಾ ಇಲ್ಲಿ," ಎಂದು ಪೆನ್ನು ಕಿತ್ತುಕೊಂಡಳು. ಅವಳ ಹಿಂದೆ ಇನ್ನೂ ನಾಲ್ಕು ಜನ. ಏಳು ಸಹಿಯಾಯಿತು. ಇನ್ನೆರಡಕ್ಕೆ ಅಲ್ಲಿದ್ದವರು ಗುಮಾಸ್ತರು ಮತ್ತು ಡ್ರೈವರ್ ಮಾತ್ರ. ಇಬ್ಬರೂ ಛಾವಣಿ ನೋಡುತ್ತಿದ್ದರು.

"ಮನಸ್ಸಿದೆ, ದುಡ್ಡಿಲ್ಲ," ಎಂದರು ಗುಮಾಸ್ತರು.

"ನನಗೆ ಎರಡೂ ಸ್ವಲ್ಪ ಕಮ್ಮಿ," ಎಂದ ಡ್ರೈವರ್.

ಗಂಟೆ ಮೂರೂ ಮುಕ್ಕಾಲು. ಹೊಸ ಯಂತ್ರಕ್ಕೆಂದು ತಕ್ಕಡಿ ಮೂರು ವರ್ಷದಿಂದ ಕೂಡಿಟ್ಟದ್ದು ಒಂದಷ್ಟಿತ್ತು. "ಸಹಿ ಹಾಕಿ. ನಿಮ್ಮಿಬ್ಬರ ಪಾಲೂ ನಾನೇ ಕೊಡ್ತೀನಿ," ಎಂದ. ಅವನ ಬಾಯಿಂದ ಮಾತು ಮುಗಿಯುವ ಮೊದಲೇ ಇಬ್ಬರ ಮನಸ್ಸೂ ಕರಗಿತ್ತು.

ಒಂಬತ್ತು ಪ್ರಾಮಾಣಿಕ ಸಹಿ! ತಕ್ಕಡಿ ಎರಡೆರಡು ಮೆಟ್ಟಿಲು ಹಾರಿ ಕೆಳಗೆ ಓಡಿದ. ಅರ್ಜಿ ತೆಗೆದುಕೊಂಡು ಹೋಗಲು ಇಲಾಖೆಯ ಪರೀಕ್ಷಕರು ಎರಡೂವರೆಗೇ ಬಂದು ಅವನ ಮನೆಯಲ್ಲಿ ಕೂತಿದ್ದರು. ಅರ್ಜಿ ನೋಡಿ, ಎಣಿಸಿ, ಠಪ್ಪೆಂದು ಮೊಹರು ಒತ್ತಿದರು.

"ಅಭಿನಂದನೆ ಸಾರ್. ಅಂದಹಾಗೆ, ಕಾಯ್ತಾ ಸುಮ್ನೆ ಕೂರೋದ್ಯಾಕೆ ಅಂತ ನಿಮ್ಮ ಮನೆ ಗಾಳಿನೂ ಅಳೆಯೋಕೆ ಇಟ್ಟೆ. ಬಚ್ಚಲಲ್ಲೊಂದು ಮೀಟರು, ಈ ಕೋಣೇಲೊಂದು. ಸರಿಯಾಗಿ ಗೊತ್ತಾಗೋಕೆ ದಿನಗಟ್ಟಲೆ ಬೇಕು, ಇದು ಅಂದಾಜು." ಅವರು ಬಚ್ಚಲಿಂದ ಮೀಟರು ತಂದು ಕನ್ನಡಕ ಏರಿಸಿದರು. "ಭೇಷ್! ಬಚ್ಚಲಲ್ಲಿ ಏನೂ ಇಲ್ಲ ಅನ್ನೋಷ್ಟು ಕಮ್ಮಿ. ದೊಡ್ಡ ಕಿಟಕಿ, ಹಿಂದೆ ಇಳಿಜಾರು, ಬಚ್ಚಲು ಕಂಬದ ಮೇಲಿದೆ, ನೆಲಕ್ಕೆ ತಾಗೇ ಇಲ್ಲ. ಆ ಕಿಟಕಿ ತೆರೆದಿರೋವರೆಗೂ ಈ ಮನೇಲಿ ಅದಕ್ಕಿಂತ ಒಳ್ಳೆ ಗಾಳಿ ಇಲ್ಲ."

ಎರಡನೆಯ ಮೀಟರು ನೋಡಿದಾಗ ಅವರ ಹುಬ್ಬು ಮೇಲೇರಿತು. "ಈ ಕೋಣೇಲಿ ಯಾರಾದ್ರೂ ಹೆಚ್ಚು ಹೊತ್ತು ಇರ್ತೀರಾ?"

"ನಾನು," ಎಂದಳು ಹೆಂಡತಿ, ಗಂಡನನ್ನೇ ನೋಡುತ್ತ. "ಎರಡು ವಾರದಿಂದ. ದಿನಾ ಒಂದೂವರೆ ಗಂಟೆ. ಕಿಟಕಿ ಮುಚ್ಕೊಂಡು, ಬಾಯಿ ತೆಕ್ಕೊಂಡು."

"ಅಯ್ಯೋ, ಬೇಡಮ್ಮ ಬೇಡ! ಇಲ್ಲಿ ನೆಲ ಬಿರುಕು ಬಿಟ್ಟಿದೆ. ಕೆಳಗಿನ ಬಂಡೆಯಿಂದ ನೇರವಾಗಿ ಇಲ್ಲಿಗೇ ಬರ್ತಿದೆ ರೇಡಾನ್. ಈ ಮನೇಲಿ ನೀರಿಂದ ಬರೋದು ಹತ್ತರಲ್ಲಿ ಒಂದು ಪಾಲೂ ಇಲ್ಲ. ಮಿಕ್ಕಿದ್ದೆಲ್ಲ ನೆಲದಿಂದ."

ತಕ್ಕಡಿ ಬಗ್ಗಿ ಬಿರುಕನ್ನು ನೋಡಿದ. "ಇದನ್ನ ಪತ್ರದಲ್ಲಿ ಯಾಕೆ ಸಾರ್ ಬರೀಲಿಲ್ಲ?"

"ನಮ್ಮದು ನೀರಿನ ಇಲಾಖೆ," ಎಂದರು ಪರೀಕ್ಷಕರು ಮರುಕದಿಂದ. "ನೆಲ ನಮಗೆ ಬರಲ್ಲ."

ಪರಿಹಾರವೇನೋ ಇತ್ತು. ಬಿರುಕು ಮುಚ್ಚಿ, ನೆಲದಡಿಗೆ ಒಂದು ಕೊಳವೆ ತೂರಿಸಿ, ಫ್ಯಾನು ಹಾಕಿ ಹೊರಗೆಳೆದರೆ ಸರಿಹೋಗುತ್ತಿತ್ತು. ಖರ್ಚು ಸುಮಾರು ಎರಡು ಫ್ರಿಜ್ಜು. ಅದರಲ್ಲಿ ಇಲಾಖೆ ಒಂದು ಕಾಸೂ ಕೊಡುವುದಿಲ್ಲ. ಒತ್ತಿದ ಮೊಹರನ್ನು ವಾಪಸ್ ತೆಗೆಯುವಂತೆಯೂ ಇಲ್ಲ. ತಕ್ಕಡಿ ಸೋಲೊಪ್ಪದೆ ಮತ್ತೆ ಮೆಟ್ಟಿಲು ಹತ್ತಿ, ಇದಕ್ಕೂ ಎಲ್ಲರೂ ಸ್ವಲ್ಪ ಸ್ವಲ್ಪ ಕೈಗೂಡಿಸಬಹುದೇ ಎಂದು ಕೇಳಿದ.

"ನೆಲದ ಮೇಲಿರೋದು ಒಟ್ಟು ಎಷ್ಟು ಜನ?" ಎಂದರು ಗುಮಾಸ್ತರು.

"ನಾವಿಬ್ಬರೇ."

ಗುಮಾಸ್ತರು ಬೆರಳು ಮಡಚಿ ಎಣಿಸಿದರು. "ನಮ್ಮ ಪಾಲಿಗೆ ಉಗುರೂ ಬರಲ್ಲವಲ್ಲ ಮಾರಾಯರೇ," ಎಂದು ಮೆಲ್ಲಗೆ ಬಾಗಿಲು ಮುಂದೆ ಮಾಡಿದರು.

ಅವನು ಕೆಳಗೆ ಬರುವಷ್ಟರಲ್ಲಿ ಹೆಂಡತಿ ಟವೆಲು ಹೆಗಲಿಗೆ ಹಾಕಿಕೊಂಡು ಬಚ್ಚಲು ಸೇರಿದ್ದಳು. ಒಳಗಿಂದ ಎರಡು ವಾರದ ಬಾಕಿ ಹಾಡು ಒಟ್ಟಿಗೇ ಹೊರಡುತ್ತಿತ್ತು. ಎಷ್ಟು ದಿನದ ಮೇಲೆ ಆ ದನಿ! ತಕ್ಕಡಿ ಒಂದು ಚರಣ ಕೇಳುತ್ತ ಬಾಗಿಲಲ್ಲೇ ನಿಂತ. ಆದರೂ ಅವನು ಹಟ ಬಿಡುವ ಆಳಲ್ಲ. ದುಡ್ಡು ಕೂಡುವವರೆಗೂ ಇರುವ ಒಳ್ಳೆ ಗಾಳಿಯಲ್ಲೇ ಇರೋಣ ಎಂದು ಸ್ಟೂಲು, ರಿಪೇರಿಯ ಯಂತ್ರ, ತೂಕದ ಬಟ್ಟುಗಳನ್ನೆಲ್ಲ ಹೊತ್ತು ತಂದು ಬಾಗಿಲು ತಟ್ಟಿದ.

"ಸ್ವಲ್ಪ ಜರುಗೇ. ನಾನೂ ಬರ್ತೀನಿ."

ಅವಳು ಕಿಟಕಿಯನ್ನು ಪೂರ್ತಿ ತೆರೆದು ಜಾಗ ಬಿಟ್ಟಳು. ಅವನು ಬೋರಲು ಹಾಕಿದ ಬಕೆಟ್ಟಿನ ಮೇಲೆ ಯಂತ್ರವಿಟ್ಟು, ಸ್ಕ್ರೂ ಬಿಚ್ಚುತ್ತ, ಬಟ್ಟಿನಿಂದ ತಾಳ ಹಾಕುತ್ತ, ಸಂತೋಷ ತಡೆಯಲಾರದೆ ತಾನೂ ದನಿಗೂಡಿಸಿದ. ಅವಳೊಬ್ಬಳೇ ಹಾಡುತ್ತಿದ್ದಾಗ ಕಟ್ಟಡದಲ್ಲಿ ಯಾರೂ ಚಕಾರ ಎತ್ತಿದ್ದಿಲ್ಲ. ಅವನ ದನಿ ಮಾತ್ರ ತುಕ್ಕು ಹಿಡಿದ ಗೇಟಿನದು.

ಸರಿಯಾಗಿ ಹತ್ತು ನಿಮಿಷಕ್ಕೆ ಬಚ್ಚಲ ಬಾಗಿಲಡಿಯಿಂದ ಒಂದು ಕಾಗದ ತೂರಿಬಂತು. ಮುತ್ತು ಪೋಣಿಸಿದಂಥ ಅಕ್ಷರ, ಎಲ್ಲೂ ಒಂದು ತಪ್ಪಿಲ್ಲ. ನೆಲಮಹಡಿಯವರು ತಮ್ಮ ಬಚ್ಚಲ ಕಿಟಕಿಯನ್ನು ಈ ಕ್ಷಣದಿಂದ ಶಾಶ್ವತವಾಗಿ ಮುಚ್ಚಿಡತಕ್ಕದ್ದು ಎಂದಿತ್ತು. ತಕ್ಕಡಿ ಕೆಳಗಿನ ಸಹಿಗಳನ್ನು ಎಣಿಸಿದ. ಟೈಲರಮ್ಮನದಿತ್ತು. ಗುಮಾಸ್ತರದು, ಡ್ರೈವರನದು ಇತ್ತು. ಬೀಗ ಹಾಕಿದ್ದ ಎರಡು ಮನೆಯವರದೂ ಇತ್ತು, ಕೈನೋವಿನವನದೂ ಇತ್ತು. ಒಟ್ಟು ಹನ್ನೊಂದು.